ಅಳಿಯ ಹೋದ ಚಳಿಗಾಲ

ಆಗಸ್ಟ್ ೯

ಮೋಡದಮ್ಮನಿಗೆ,

ಮೊದಲು ಬೈಗುಳ, ಆಮೇಲೆ ಕ್ಷೇಮಸಮಾಚಾರ. ನಿನ್ನ ಹಿಂದಿನ ಕಾಗದದಲ್ಲಿ ಇದ್ದದ್ದೇ ನಾಲ್ಕು ಸಾಲು, ಅದರಲ್ಲೂ ಮೂರು ಸಾಲು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎಂದು. ಬೆಟ್ಟದ ತುದಿಯ ಹವಾಮಾನ ಕೇಂದ್ರದಲ್ಲಿ ಕೂತು ಮೋಡ ನೋಡುವುದು ನಿನ್ನ ಉದ್ಯೋಗ, ಒಪ್ಪಿದೆ. ಅತ್ತಿಗೆಗೆ ಬರೆಯುವಾಗಲಾದರೂ ಮನುಷ್ಯರ ಸುದ್ದಿ ಬರೆಯಬಾರದೇನೇ?

ಇಲ್ಲಿ ಎಲ್ಲ ಎಂದಿನ ಹಾಗೆಯೇ. ನಿಮ್ಮಣ್ಣ ದಿನವಿಡೀ ಬಸ್ಸು ಓಡಿಸಿ ಬಂದು, ಅಡುಗೆಮನೆಯಲ್ಲಿ ನಾನು ಅಡ್ಡ ನಿಂತರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಾರೆ. ಕೆಳಗೆ ಹೊಲಿಗೆ ಅಂಗಡಿಯಲ್ಲಿ ಕೈತುಂಬಾ ಕೆಲಸ. ಬಟ್ಟೆ ಕತ್ತರಿಸುವುದು, ಹೊಲಿಯುವುದು ನನ್ನದು. ಕಾಜಾ ಮತ್ತು ಗುಂಡಿ ಈಗಲೂ ಅಮ್ಮನದೇ. ಮೊನ್ನೆ ಕಪ್ಪು ಕೋಟಿಗೆ ಕಂದು ಗುಂಡಿ ಹಾಕಿ ಕೂತಿದ್ದರು. ನಾನು ಬಾಯಿ ಬಿಡುವ ಮೊದಲೇ ಗುಂಡಿ ಮಾರುವವನನ್ನು ತರಾಟೆಗೆ ತೆಗೆದುಕೊಂಡರು. "ಕಪ್ಪು ಯಾವ್ದು ಕಂದು ಯಾವ್ದು ಅಂತ ಗೊತ್ತಿಲ್ದೋರೆಲ್ಲ ವ್ಯಾಪಾರಕ್ಕೆ ಕೂತ್ಕೋತಾರೆ" ಎಂದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಈ ಸಲ ಬೆಟ್ಟದ ದಾರಿ ಹಿಮಕ್ಕೆ ಮುಚ್ಚುವ ಮೊದಲು ಒಮ್ಮೆ ಬಂದು ಹೋಗು. ಅಮ್ಮನಿಗೆ ನಿನ್ನನ್ನು ನೋಡಬೇಕು. ವಸಂತಕ್ಕೆ ಬರುತ್ತೇನೆ ಅಂತ ರಾಗ ಎಳೆಯಬೇಡ. ವಸಂತ ಬೇರೆ, ಈಗ ಬೇರೆ.

ಇನ್ನೊಂದು. ಆ ಕರೆಂಟಿಲ್ಲದ ಚಳಿಗಾಲದಲ್ಲಿ ಮನೆಯ ಉದ್ದಕ್ಕೂ ಗುಂಡಿಯ ಹಗ್ಗ ಕಟ್ಟಿದ್ದೆವಲ್ಲ, ಅದರಲ್ಲಿ ಯಾವ ಗುಂಡಿಗೆ ಏನರ್ಥ? ನನಗೆ ಅರ್ಧ ಮರೆತಿದೆ. ಸುಮ್ಮನೆ ನೆನಪಾಯಿತು, ಕೇಳಿದೆ.

ನಿನ್ನ
ಕತ್ತರಿ ಅತ್ತಿಗೆ


ಆಗಸ್ಟ್ ೨೬

ಕತ್ತರಿ ಅತ್ತಿಗೆಗೆ,

ಗಾಳಿಯ ವಿಷಯ ಬರೆಯುವುದಿಲ್ಲ, ಆಯಿತೇ? ಆದರೆ ಇವತ್ತು ವಾಯವ್ಯದಿಂದ ಬೀಸುತ್ತಿದೆ.

ಹಗ್ಗವನ್ನು ಮರೆತಿದ್ದೀರಾ? ನೀವು ಬಾಗಿಲಿಗೆ ಹಣೆ ಹೊಡೆಸಿಕೊಳ್ಳದಂತೆ ಕಾಪಾಡಿದ್ದೇ ಆ ಹಗ್ಗ. ಬರೆದುಕೊಳ್ಳಿ. ದೊಡ್ಡ ಕೋಟಿನ ಗುಂಡಿ ಸಿಕ್ಕಿದರೆ ಮುಂದೆ ಮೆಟ್ಟಿಲು. ಜೋಡಿ ಅಂಗಿಗುಂಡಿ ಸಿಕ್ಕಿದರೆ ಬಾಗಿಲು. ಬಟ್ಟೆ ಸುತ್ತಿದ ಗುಂಡಿ ಸಿಕ್ಕಿದರೆ ಒಲೆ ಹತ್ತಿರವಿದೆ, ಕೈ ಚಾಚಬಾರದು. ಹಿತ್ತಾಳೆಯ ಕೊಕ್ಕೆ ಬಚ್ಚಲಿಗೆ. ಹಗ್ಗ ಎಳೆದದ್ದು ಅಣ್ಣ, ಗುಂಡಿ ಹೊಲಿದದ್ದು ಅಮ್ಮ, ಯಾವುದಕ್ಕೆ ಯಾವುದು ಎಂದು ತೀರ್ಮಾನಿಸಿದ್ದು ನಾನು. ನೀವು ಮಾಡಿದ್ದು ಹಿತ್ತಾಳೆ ಕೊಕ್ಕೆಗೆ ಸೀರೆ ಸಿಕ್ಕಿಸಿಕೊಂಡು ಬಚ್ಚಲಿನ ಮುಂದೆ ನಿಂತು ನಮ್ಮನ್ನೆಲ್ಲ ಕೂಗಿದ್ದು.

ನೀವು ಕೇಳಿದ ಮೇಲೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ, ಅದೇ ದಿನಗಳ ಗುಂಗು. ಸುರಿಯುತ್ತಿದ್ದ ಮಳೆ ಕರೆಂಟಿನ ತಂತಿಯ ಮೇಲೇ ಮಂಜುಗಡ್ಡೆ ಕಟ್ಟಿ, ಭಾರಕ್ಕೆ ಬೀದಿಯ ಕಂಬಗಳು ಒಂದರ ಹಿಂದೆ ಒಂದು ಮಲಗಿದವು. ನೀವು ಮದುವೆಯಾಗಿ ಬಂದ ಹೊಸತು. ನಾಲ್ಕೂ ಜನ ಅಡುಗೆಮನೆಗೆ ಹಾಸಿಗೆ ತಂದೆವು. ಅಮ್ಮ ಅಟ್ಟದಿಂದ ಹಳೆಯ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಳಿಸಿ, ಮಲಗುವ ಮೊದಲು ಹಾಸಿಗೆಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದರು. "ಬಿಸಿ ಇದ್ದಾಗ್ಲೇ ಹತ್ತಿ, ಆಮೇಲೆ ನನ್ನ ಕೇಳ್ಬೇಡಿ" ಅಂತ ಕೂಗುವುದು, ನಾವು ಒಬ್ಬರ ಮೇಲೊಬ್ಬರು ಬೀಳುವುದು. ಆ ಬಿಸಿಯಲ್ಲಿ ಕಾಲು ಚಾಚಿದ ಸುಖ ನನಗೆ ಮತ್ತೆ ಎಲ್ಲೂ ಸಿಕ್ಕಿಲ್ಲ.

ನಿಮಗೆ ಹೇಳಿರದ ಒಂದು ವಿಷಯ ಹೇಳುತ್ತೇನೆ. ಮೊದಲ ವಾರ ಸಂಜೆಯಾದರೆ ನೀವು ಮೂಲೆಯಲ್ಲಿ ಕೂತು ಅಳುತ್ತಿದ್ದಿರಿ. ಕತ್ತಲಲ್ಲವೇ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಿರಿ. ಅದೇ ಹೊತ್ತಿಗೆ ಅಮ್ಮ ಕಾಲುಮಷೀನಿಗೆ ಕೂತು ಗಡಗಡ ತುಳಿಯುತ್ತಿದ್ದರು. ಕತ್ತಲಲ್ಲಿ ಏನು ಹೊಲಿಯುತ್ತಾರೆ ಎಂದು ಮುಟ್ಟಿ ನೋಡಿದೆ. ಮಷೀನಿನಲ್ಲಿ ಬಟ್ಟೆಯೂ ಇರಲಿಲ್ಲ, ದಾರವೂ ಇರಲಿಲ್ಲ. ಕಿವಿಯಲ್ಲಿ ಹೇಳಿದರು: "ಹೊಸ ಹುಡುಗಿ. ಅತ್ತಿದ್ದು ನಮಗೆ ಕೇಳ್ತು ಅಂದ್ರೆ ನಾಚ್ಕೋತಾಳೆ. ಅತ್ಕೊಳ್ಲಿ, ಸುಮ್ನಿರು."

ಈಗ ಬರುವ ವಿಷಯ. ಬರಲಾಗುವುದಿಲ್ಲ ಅತ್ತಿಗೆ. ಇಲ್ಲಿನ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ, ಅವರ ಜಾಗಕ್ಕೆ ನನ್ನನ್ನು ಕೇಳಿದ್ದಾರೆ. ಎಷ್ಟು ವರ್ಷದ ಆಸೆ ಎಂದು ನಿಮಗೆ ಗೊತ್ತು. ಅಕ್ಟೋಬರ್ ಪೂರ್ತಿ ಅವರ ಜೊತೆಗಿದ್ದು ಕೆಲಸ ವಹಿಸಿಕೊಳ್ಳಬೇಕು. ಆಮೇಲೆ ದಾರಿ ಮುಚ್ಚುತ್ತದೆ. ಸಾಮಾನು, ಅಂಚೆ ಮಾತ್ರ ತಂತಿಯ ಮೇಲೆ ಎಳೆದು ತರುವ ತೊಟ್ಟಿಲಲ್ಲಿ ಬರುತ್ತವೆ, ಮನುಷ್ಯರಿಗೆ ಅದರಲ್ಲಿ ಜಾಗವಿಲ್ಲ. ಅಮ್ಮನಿಗೆ ಹೇಳಿ, ವಸಂತಕ್ಕೆ ಮೊದಲ ಗಾಡಿಗೇ ಬರುತ್ತೇನೆ. ಮತ್ತೆ, ಅಮ್ಮ ಯಾಕೆ ಈಗ ತಾವಾಗಿ ಒಂದು ಸಾಲೂ ಬರೆಯುವುದಿಲ್ಲ? ನನ್ನ ಮೇಲೆ ಕೋಪವೇ?

ನಿಮ್ಮ
ಮೋಡದಮ್ಮ


ಸೆಪ್ಟೆಂಬರ್ ೧೦

ಮೋಡದಮ್ಮನಿಗೆ,

ಮುಖ್ಯಸ್ಥೆ ಆಗುತ್ತೀಯಂತೆ ಎಂದು ಓದಿದ ಕೂಡಲೇ ನಿಮ್ಮಣ್ಣ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದರು. ಅಮ್ಮ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ನನಗೂ ಹೆಮ್ಮೆಯೇ. ಆದರೂ ನೀನು ಈಗ ಬರಬೇಕಿತ್ತು ಎಂದೇ ಅನ್ನಿಸುತ್ತದೆ.

ಮಷೀನಿನ ವಿಷಯ ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ. ಓದಿ ಸ್ವಲ್ಪ ಹೊತ್ತು ಅಂಗಡಿಯ ಬಾಗಿಲು ಹಾಕಿಕೊಂಡು ಕೂತೆ. ನಾನು ಬಂದ ಹೊಸತರಲ್ಲಿ ಅತ್ತದ್ದು ಹೌದು, ಆದರೆ ಆ ಮಷೀನಿನ ಸದ್ದಿಗೆ ಬೈದುಕೊಂಡದ್ದೂ ಹೌದು. ಸಂಜೆಯಾದರೆ ಈ ಅತ್ತೆಗೆ ಏನು ಹೊಲಿಗೆಯ ಹುಚ್ಚು ಎಂದು.

ನಿನಗೆ ಅಳಿಯನ ನೆನಪಿದೆ ತಾನೇ? ವಿದ್ಯುತ್ ಕಚೇರಿಯವರು ದಿನಾ "ಇವತ್ತು ಬರುತ್ತೆ, ನಾಳೆ ಬರುತ್ತೆ" ಎಂದಾಗ ಅಮ್ಮನಿಗೆ ತಲೆ ಕೆಟ್ಟು, "ಇದೇನು ಕರೆಂಟೋ ಅಳಿಯನೋ? ಬರ್ತೀನಿ ಬರ್ತೀನಿ ಅಂತ ಕಾಯಿಸೋದು, ಬಂದ್ರೂ ಒಂದು ಗಳಿಗೆ ಕೂತು ಮುಖ ತೋರಿಸಿ ಹೋಗೋದು" ಅಂದರಲ್ಲ, ಅಂದಿನಿಂದ ನಮ್ಮ ಮನೆಯಲ್ಲಿ ಕರೆಂಟಿಗೆ ಅಳಿಯ ಎಂದೇ ಹೆಸರು. ಬಲ್ಬು ಮಿಣಕ್ ಎಂದರೆ ಅಳಿಯ ಕಣ್ಣು ಹೊಡೆದ. ಮೇಲಿನ ಮನೆಯ ಸಂಗೀತದ ಮೇಷ್ಟ್ರು, ನಮ್ಮ ಗೊಣಗಪ್ಪ, ಇದು ಗೊತ್ತಿಲ್ಲದೆ, "ಅಳಿಯ ಇನ್ನೂ ಬಂದಿಲ್ಲ" ಎಂದು ನಾವು ದಿನಾ ಕೂಗಾಡುವುದನ್ನು ಕೇಳಿ, ನಿನಗೆ ಗುಟ್ಟಾಗಿ ಮದುವೆಯಾಗಿ ಗಂಡ ಓಡಿಹೋಗಿದ್ದಾನೆ ಎಂದು ತಿಳಿದು ಒಂದು ಪಾತ್ರೆ ಸೂಪು ಹಿಡಿದುಕೊಂಡು ಬಂದಿದ್ದರು. "ಧೈರ್ಯ ತಗೊಳ್ಳಿ ತಾಯಿ, ಅಂಥೋನು ಹೋಗಿದ್ದೇ ಒಳ್ಳೇದಾಯ್ತು" ಅಂದರು. ಅಮ್ಮ ಸೂಪಿಗಾಗಿ ನಿಜ ಹೇಳಲೇ ಇಲ್ಲ. ಮೂರು ಸಂಜೆ ಸೂಪು ಬಂತು.

ಅಳಿಯನ ಮಾತು ಬಂತಾದ್ದರಿಂದ ಹೇಳುತ್ತೇನೆ, ಗಮನವಿಟ್ಟು ಓದು. ನಮ್ಮ ಮನೆಗೆ ಅಳಿಯ ಈಗೀಗ ಕಡಿಮೆ ಬರುತ್ತಿದ್ದಾನೆ. ಬೆಳಿಗ್ಗೆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಇರುತ್ತಾನೆ, ಸಂಜೆಗೆ ಮಾಯ. ಅಮ್ಮನಿಗೆ ಬಹಳ ತೊಂದರೆ. ಚಳಿಗಾಲ ಮುಗಿಯುವಷ್ಟರಲ್ಲಿ ಪೂರ್ತಿ ಹೋಗಿಬಿಡುತ್ತಾನೆ ಎಂದು ತಿಳಿದವರು ಹೇಳಿದ್ದಾರೆ. ಇದಕ್ಕಿಂತ ಬಿಡಿಸಿ ಬರೆಯುವ ಹಾಗಿಲ್ಲ. ನೀನು ಜಾಣೆ, ಅರ್ಥ ಮಾಡಿಕೊಳ್ಳುತ್ತೀಯ.

ಅಮ್ಮನಿಗೆ ನಿನ್ನ ಮೇಲೆ ಕೋಪವಿಲ್ಲ.

ಕತ್ತರಿ ಅತ್ತಿಗೆ


ಸೆಪ್ಟೆಂಬರ್ ೨೨

ಅತ್ತಿಗೆ,

ಅರ್ಥವಾಯಿತು, ಮೈಯೆಲ್ಲ ಉರಿಯಿತು. ಅಷ್ಟು ದೊಡ್ಡ ಊರಿನಲ್ಲಿ, ಇಷ್ಟು ವರ್ಷ ಆದ ಮೇಲೂ, ಸಂಜೆಯಾದರೆ ಅಳಿಯ ಇಲ್ಲವೆಂದರೆ ಏನರ್ಥ? ಚಳಿಗಾಲದಲ್ಲಿ ಪೂರ್ತಿ ತೆಗೆಯುತ್ತಾರಂತೆ ಎಂದರೆ ಕೇಳುವವರೇ ಇಲ್ಲವೇ? ನೀವೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀರಿ. ನಾನು ವಿದ್ಯುತ್ ಕಚೇರಿಗೆ ಖಾರವಾಗಿ ಒಂದು ದೂರು ಬರೆದು ಕಳಿಸಿದ್ದೇನೆ. ವಯಸ್ಸಾದವರು ಇರುವ ಮನೆ, ನಾಚಿಕೆಯಾಗಬೇಕು ನಿಮಗೆ ಎಂದೇ ಬರೆದಿದ್ದೇನೆ.

ಇದರ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ಅದರಲ್ಲಿ ನಮ್ಮ ಕೇಂದ್ರದ ಮೇಣದಬತ್ತಿಗಳಿವೆ, ಗಾಳಿಗೆ ಆರುವುದಿಲ್ಲ. ಕೈಯಿಂದ ತಿರುಗಿಸಿದರೆ ಹತ್ತುವ ಒಂದು ದೀಪವಿದೆ. ಅದು ಅಮ್ಮನ ಗುಂಡಿ ಕೆಲಸಕ್ಕೆ. ತಿರುಗಿಸುವುದು ಅಣ್ಣನ ಕೆಲಸ, ಸ್ಟಿಯರಿಂಗ್ ಅಭ್ಯಾಸವಿದೆಯಲ್ಲ. ಗುಂಡಿಯ ಹಗ್ಗ ಕೇಳಿದ್ದು ಇದಕ್ಕೇ ಎಂದು ಈಗ ಹೊಳೆಯಿತು. ಕಟ್ಟಿ. ಇಸ್ತ್ರಿಪೆಟ್ಟಿಗೆ ಇಳಿಸಿ. ಇಲ್ಲಿ ಕೂತು ಹೊಟ್ಟೆಕಿಚ್ಚಾಗುತ್ತಿದೆ ನನಗೆ. ನೀವೆಲ್ಲ ಮತ್ತೆ ಅಡುಗೆಮನೆಯಲ್ಲಿ ಒಟ್ಟಿಗೆ ಮಲಗುತ್ತೀರಿ, ನಾನಿಲ್ಲ.

ಹುದ್ದೆಗೆ ಒಪ್ಪಿಗೆ ಕೊಟ್ಟೆ.

ಮೋಡದಮ್ಮ


ಅಕ್ಟೋಬರ್ ೪

ಪ್ರೀತಿಯ ಹುಡುಗಿ,

ನಿನ್ನ ಪೆಟ್ಟಿಗೆ ಬಂತು. ವಿದ್ಯುತ್ ಕಚೇರಿಯಿಂದ ಒಬ್ಬರೂ ಬಂದರು. ಮೀಟರ್ ನೋಡಿದರು, ಮನೆಯ ಬಲ್ಬುಗಳನ್ನೆಲ್ಲ ಹಾಕಿ ಆರಿಸಿ ನೋಡಿದರು. "ಎಲ್ಲಾ ಸರಿಯಾಗೇ ಇದೆಯಲ್ಲಮ್ಮ, ಯಾಕೆ ಹೀಗೆ ಬೈದು ಬರ್ದಿದ್ದೀರಿ?" ಎಂದು ತಲೆ ಕೆರೆದುಕೊಂಡು ಹೋದರು. ಕರೆಂಟು ಒಂದು ದಿನವೂ ಹೋಗಿಲ್ಲ ಕಣೇ. ಹೋಗುತ್ತಿರುವುದು ಅಮ್ಮನ ಕಣ್ಣು.

ಬೇಸಗೆಯಲ್ಲೇ ಶುರುವಾಯಿತು. ಮೊದಲು ಬಣ್ಣ ಹೋಯಿತು, ಆಮೇಲೆ ಸೂಜಿಯ ಕಣ್ಣು. ಡಾಕ್ಟರು ನೋಡಿ, ಒಳಗಿನ ನರ ಒಣಗುತ್ತಿದೆ, ಕನ್ನಡಕದಿಂದಾಗಲಿ ಆಪರೇಷನ್ನಿನಿಂದಾಗಲಿ ಆಗುವುದಿಲ್ಲ ಎಂದರು. ಇನ್ನೊಬ್ಬರಿಗೂ ತೋರಿಸಿದೆವು, ಅವರೂ ಅದನ್ನೇ ಹೇಳಿದರು. ವಸಂತದ ಹೊತ್ತಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬುದು ಗೊತ್ತಾಗಬಹುದು, ಮುಖ ಗೊತ್ತಾಗುವುದಿಲ್ಲ.

ನಿನಗೆ ತಿಳಿಸಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. "ಕಣ್ಣು ಅನ್ನೋ ಮಾತು ಕಾಗದದಲ್ಲಿ ಬಂದ್ರೆ ನನ್ನಾಣೆ. ಅವಳು ಕೆಲ್ಸ ಬಿಟ್ಟು ಓಡಿ ಬರ್ತಾಳೆ, ಬಂದು ನನ್ನ ಮುಂದೆ ಕೂತು ಏನ್ ಮಾಡ್ತಾಳೆ?" ಅಂದರು. ಮನೆಯಲ್ಲಿ ಅವರೇ ತಮ್ಮ ಕಣ್ಣಿಗೆ ಅಳಿಯ ಎನ್ನುವುದು. "ಇವತ್ತು ಅಳಿಯ ಬೇಗ ಬಂದಿದ್ದಾನೆ, ಆ ಕೋಟು ಕೊಡು" ಅನ್ನುತ್ತಾರೆ. ಹಾಗೆ ಬರೆದರೆ ಆಣೆಯೂ ಉಳಿಯುತ್ತದೆ, ನಿನಗೂ ತಿಳಿಯುತ್ತದೆ ಎಂದು ನಾನು ಬುದ್ಧಿವಂತಿಕೆ ಮಾಡಲು ಹೋದೆ. ನೀನು ಮೇಣದಬತ್ತಿ ಕಳಿಸಿದೆ.

ಆ ಬತ್ತಿಯೊಂದನ್ನು ಅಮ್ಮ ಕೈಯಲ್ಲಿ ಹಿಡಿದು ಸವರಿ, ಮೂಗಿಗೆ ಹಿಡಿದರು. ನಾನು ಏನು ಬರೆದಿದ್ದೆ, ನೀನು ಏನು ತಿಳಿದೆ ಎಂದು ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಳಿಯ ಹೋಗ್ತಾನೆ ಅಂದ್ರೆ ಬತ್ತಿ ಕಳ್ಸಿದ್ಲಲ್ಲೇ" ಅಂತ ಮತ್ತೆ ಮತ್ತೆ ಹೇಳಿ ನಕ್ಕರು. ನಕ್ಕು ಮುಗಿದ ಮೇಲೆ ಕಣ್ಣು ಒರೆಸಿಕೊಂಡದ್ದು ನಗುವಿಗಲ್ಲ. "ಒಂದ್ಸಲ ನೋಡ್ಬೋದಿತ್ತು" ಅಂದರು, ನನಗಲ್ಲ, ಬತ್ತಿಗೆ.

ಅದಕ್ಕೇ ಆಣೆ ಮುರಿದೆ. ಹುದ್ದೆಗೆ ಒಪ್ಪಿಗೆ ಕೊಟ್ಟಿದ್ದೀಯ, ಗೊತ್ತು. ಬಾ ಎಂದೂ ಹೇಳಲಾರೆ, ಬರಬೇಡ ಎಂದೂ ಹೇಳಲಾರೆ. ವಸಂತಕ್ಕೆ ಬಂದರೆ ನೀನು ಅಮ್ಮನನ್ನು ನೋಡುತ್ತೀಯ. ಅಮ್ಮ ನಿನ್ನನ್ನು ನೋಡಬೇಕೆಂದರೆ ಈಗ ಬರಬೇಕು.

ಅತ್ತಿಗೆ


ಅಕ್ಟೋಬರ್ ೧೧

ಅತ್ತಿಗೆ,

ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಆಕಾಶ ನೋಡಿ ನಾಳೆಯ ಹಿಮ ಹೇಳುವವಳು, ನೀವು ಬರೆದ ಒಂದು ಪುಟ ಓದಲಾರದೆ ಹೋದೆ.

ಮುಖ್ಯಸ್ಥರಿಗೆ ವಿಷಯ ಹೇಳಿದೆ. "ಹೋಗಿ. ಆದರೆ ನೀವು ಕೆಳಗಿರುವಾಗ ದಾರಿ ಮುಚ್ಚಿದ್ರೆ ನಾನು ಹುದ್ದೆ ಬೇರೆಯವ್ರಿಗೆ ಕೊಡ್ಬೇಕಾಗತ್ತೆ, ಚಳಿಗಾಲಕ್ಕೆ ಇಲ್ಲಿ ಯಾರಾದ್ರೂ ಇರ್ಲೇಬೇಕು" ಎಂದರು. ಮುಚ್ಚಿದರೆ ಮುಚ್ಚಲಿ ಎಂದೆ. ಸಾಮಾನಿನ ಗಾಡಿ ಇಪ್ಪತ್ತಕ್ಕೆ ಇಳಿಯುತ್ತದೆ, ಅದರಲ್ಲಿ ಬರುತ್ತಿದ್ದೇನೆ. ಅಮ್ಮನಿಗೆ ಯಾಕೆ ಬಂದೆ ಎಂದು ಏನು ಹೇಳಲಿ? ನೀವು ಆಣೆ ಮುರಿದದ್ದು ಗೊತ್ತಾಗದ ಹಾಗೆ ಒಂದು ನೆಪ ಹುಡುಕಿಡಿ. ನನಗೆ ಸುಳ್ಳು ಹೊಲಿಯಲು ಬರುವುದಿಲ್ಲ.


ನವೆಂಬರ್ ೬

ಅತ್ತಿಗೆ,

ಮೊನ್ನೆ ಸಂಜೆ ಮೇಲೆ ತಲುಪಿದೆ. ನಮ್ಮ ಗಾಡಿಯ ಹಿಂದೆಯೇ ಹಿಮ ಬಂತು. ಈಗ ದಾರಿಯಿಲ್ಲ, ನಾನೇ ಮುಖ್ಯಸ್ಥೆ.

ಹೋಗೆಂದು ಅಮ್ಮ ನನ್ನನ್ನು ಅಟ್ಟದಿದ್ದರೆ ನಾನು ಅಲ್ಲೇ ಉಳಿದುಬಿಡುತ್ತಿದ್ದೆ. "ಇಲ್ಲಿ ಕೂತ್ಕೊಂಡು ನನ್ನ ಕಣ್ಣು ಕಾಯ್ತೀಯಾ? ಅದೇನು ಒಲೆ ಮೇಲಿಟ್ಟ ಹಾಲಾ?" ಅಂದರಲ್ಲ, ನೆನಪಿದೆಯೇ? ಅಲ್ಲಿಗೆ ನಮ್ಮ ನೆಪವೆಲ್ಲ ಒಡೆಯಿತು. ಕೋಟಿನ ಅಳತೆ ಕೊಡುವುದಕ್ಕೆ ಬೆಟ್ಟ ಇಳಿದು ಬಂದಳು ಎಂಬ ನಿಮ್ಮ ಕಥೆಯನ್ನು ಅಮ್ಮ ಮೊದಲ ದಿನವೇ ನಂಬಿರಲಿಲ್ಲ. ನಂಬಿದ ಹಾಗೆ ನಟಿಸಿದ್ದು ನಮ್ಮನ್ನು ನೋಯಿಸಬಾರದು ಎಂದು.

ಆದರೆ ಕೋಟನ್ನು ಮಾತ್ರ, ನೀವು ಬಟ್ಟೆ ಕತ್ತರಿಸಿ ಸೂಜಿಗೆ ದಾರ ಪೋಣಿಸಿಕೊಟ್ಟ ಮೇಲೆ, ನಿಜವಾಗಿಯೇ ಹೊಲಿದರು. ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ನನ್ನನ್ನು ನಿಲ್ಲಿಸುವುದು. "ಟ್ರಯಲ್ ನೋಡೋಣ, ಬಾ." ತೋಳು ಹಿಡಿದು ನೋಡುವುದು, ಹೆಗಲು ಹಿಡಿದು ನೋಡುವುದು. "ಈ ಕಡೆ ತಿರುಗು. ಇನ್ನೂ ಸ್ವಲ್ಪ ಬೆಳಕಿಗೆ ಬಾ. ಗದ್ದ ಎತ್ತು." ಮಾರನೆಯ ಬೆಳಿಗ್ಗೆ ಮತ್ತೆ ಟ್ರಯಲ್. ನನಗೆ ಕಾಲು ನೋಯುತ್ತಿತ್ತು. "ಅಮ್ಮ, ಕುತ್ತಿಗೆ ಅಳತೆಗೆ ಗದ್ದ ಎಷ್ಟು ಸಲ ಎತ್ತಲಿ? ಸಾಕು ಬಿಡು" ಎಂದು ಗದರಿಯೂಬಿಟ್ಟೆ. "ಸುಮ್ನೆ ನಿಂತ್ಕೋ, ಹೊಲಿಗೆ ನಿಂಗೇನ್ ಗೊತ್ತು" ಅಂದರು.

ಗಾಡಿ ಅರ್ಧ ಬೆಟ್ಟ ಹತ್ತಿದಾಗ ಹೊಳೆಯಿತು. ಅಳತೆಪಟ್ಟಿ ಇಡೀ ಹೊತ್ತು ಅವರ ಕೊರಳಲ್ಲೇ ಇತ್ತು. ಒಮ್ಮೆಯೂ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನನ್ನ ಅಳತೆ ಅವರಿಗೆ ಬೇಕಿರಲೇ ಇಲ್ಲ, ಅದು ಅವರ ಬೆರಳಿಗೇ ಗೊತ್ತು. ಬೆಳಕು ಇರುವಷ್ಟು ಹೊತ್ತು ನನ್ನನ್ನು ನೋಡುತ್ತಿದ್ದರು ಅತ್ತಿಗೆ, ಅಷ್ಟೇ. ನಾನು ಸಾಕು ಬಿಡು ಎಂದೆ.

ಡ್ರೈವರ್ ಗಾಬರಿಯಾಗಿ ಗಾಡಿ ನಿಲ್ಲಿಸಿದ. ನಾನು ಅಷ್ಟು ಅತ್ತೆ.

ಈಗ ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಇಲ್ಲಿನವರಿಗೆಲ್ಲ ನಗು, ಒಂದು ಗುಂಡಿಯ ಹಾಗೆ ಇನ್ನೊಂದಿಲ್ಲವಲ್ಲ ಎಂದು. ಕುತ್ತಿಗೆಗೆ ಬಟ್ಟೆ ಸುತ್ತಿದ ಗುಂಡಿ, ಎದೆಗೆ ಜೋಡಿ ಅಂಗಿಗುಂಡಿ, ಅದರ ಕೆಳಗೆ ದೊಡ್ಡ ಕೋಟಿನ ಗುಂಡಿ, ಕೊನೆಗೆ ಹಿತ್ತಾಳೆ ಕೊಕ್ಕೆ. ಪಾಪ, ಅವರಿಗೇನು ಗೊತ್ತು. ಕತ್ತಲಲ್ಲಿ ಮುಟ್ಟಿದರೂ ನಾನು ನಮ್ಮ ಮನೆಯಲ್ಲೇ ನಡೆಯುತ್ತೇನೆ. ಎಲ್ಲಿ ಒಲೆ, ಎಲ್ಲಿ ಬಾಗಿಲು ಎಂದು ನನಗೆ ತಿಳಿಯುತ್ತದೆ.

ನಾನು ಹೊರಟ ಮೇಲೆ ಅಮ್ಮ ಹೇಗಿದ್ದರು? ಮುಚ್ಚಿಡದೆ ಬರೆಯಿರಿ.

ಮೋಡದಮ್ಮ


ನವೆಂಬರ್ ೨೦

ಮುಖ್ಯಸ್ಥೆ ಮೋಡದಮ್ಮನಿಗೆ,

ಮುಚ್ಚಿಡುವ ಚಾಳಿ ಬಿಟ್ಟಿದ್ದೇನೆ, ಇರುವುದನ್ನೇ ಬರೆಯುತ್ತೇನೆ.

ನಿನ್ನ ಗಾಡಿ ತಿರುವು ದಾಟುವವರೆಗೂ ಅಮ್ಮ ಬಾಗಿಲಲ್ಲಿ ಕೈ ಬೀಸಿದರು. ಗಾಡಿ ಹೋದದ್ದು ಅವರಿಗೆ ಕಾಣಲಿಲ್ಲ, ನಾನೂ ಹೇಳಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಬೀಸಿದರು. ಆಮೇಲೆ ಹಗ್ಗ ಹಿಡಿದು ಒಳಗೆ ಹೋದರು. ಹೌದು, ಹಗ್ಗ ಈಗ ಮನೆಯ ಉದ್ದಕ್ಕೂ ಇದೆ, ನೀನು ಬರೆದು ಕಳಿಸಿದ ಹಾಗೆಯೇ. ನಿಮ್ಮಣ್ಣ ಒಂದೆರಡು ಸಲ ಕುತ್ತಿಗೆ ಸಿಕ್ಕಿಸಿಕೊಂಡು, "ರಸ್ತೆಗೆ ಅಡ್ಡ ಹಗ್ಗ ಕಟ್ಟೋರು ಯಾರ್ರೀ?" ಎಂದು ರೇಗಿದರು. ಗೊಣಗಪ್ಪ ಬಂದು ನೋಡಿ, ಎಂದಿನಂತೆ ಗೊಣಗಿ, ಮಾರನೆಯ ದಿನ ತಮ್ಮ ಪಿಟೀಲಿನ ಹಳೆಯ ತಂತಿ ತಂದು ಮೆಟ್ಟಿಲ ಹತ್ತಿರ ಒಂದು ಪುಟ್ಟ ಗಂಟೆ ಕಟ್ಟಿಕೊಟ್ಟರು. ಸೂಪೂ ತಂದಿದ್ದರು.

ಅವತ್ತು ಅಮ್ಮ ಅಡುಗೆಮನೆಯ ಮೂಲೆಯಲ್ಲಿ, ನಾನು ಹಿಂದೆ ಕೂರುತ್ತಿದ್ದೆನಲ್ಲ, ಅದೇ ಜಾಗದಲ್ಲಿ ಕೂತರು. ಸೆರಗು ಮುಖಕ್ಕೆ ಹೋಯಿತು. ಏನು ಮಾಡಬೇಕೆಂದು ತಿಳಿಯಲಿಲ್ಲ. ಹತ್ತಿರ ಹೋಗಿ ಸಮಾಧಾನ ಮಾಡಿದರೆ ನಾಚಿಕೊಳ್ಳುತ್ತಾರೆ. ನಾನು ಹೋಗಿ ಕಾಲುಮಷೀನಿಗೆ ಕೂತೆ. ಗಡಗಡ ತುಳಿದೆ. ಬಟ್ಟೆಯಿಲ್ಲ, ದಾರವಿಲ್ಲ, ಸುಮ್ಮನೆ ತುಳಿದೆ. ನನಗೂ ಅಳು ಬಂದಿತ್ತು, ಸದ್ದಿನಲ್ಲಿ ಅದೂ ಹೋಯಿತು.

ಬಹಳ ಹೊತ್ತಿನ ಮೇಲೆ ಮೂಲೆಯಿಂದ ದನಿ ಬಂತು. "ದಾರ ಹಾಕ್ದೆ ಏನ್ ಹೊಲೀತಿದ್ದೀಯೇ?"

ನಾನು ತುಳಿಯುವುದನ್ನು ನಿಲ್ಲಿಸಿದೆ. "ನೀವು ಏನ್ ಹೊಲೀತಿದ್ರಿ ಆವಾಗ?" ಅಂದೆ.

ಅಮ್ಮ ಮುಖದಿಂದ ಸೆರಗು ಸರಿಸಿದರು. ಆಮೇಲೆ, "ಆ ಮೋಡದಮ್ಮ ಹೇಳ್ಬಿಟ್ಲಾ" ಅಂದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಇಬ್ಬರೂ ಒಂದೇ ಸೆರಗಿನಲ್ಲಿ ಮುಖ ಒರೆಸಿಕೊಂಡೆವು. ಸಂಜೆ ನಿಮ್ಮಣ್ಣ ಬಂದಾಗ ಅಮ್ಮ ಇದ್ದಿಲಿನ ಪೆಟ್ಟಿಗೆ ಇಳಿಸು ಎಂದರು. ಕರೆಂಟು ಇದ್ದೂ ಅವತ್ತು ಎಲ್ಲರೂ ಅಡುಗೆಮನೆಯಲ್ಲೇ ಮಲಗಿದೆವು. ಹಾಸಿಗೆಗೆ ಇಸ್ತ್ರಿ ಹಾಕಿದ್ದು ಅಮ್ಮನೇ, ಒಂದು ಕಡೆಯೂ ಸುಡಲಿಲ್ಲ. ನಾಲ್ಕನೆಯ ಹಾಸಿಗೆಯನ್ನೂ ಹಾಸಿ ಬಿಸಿ ಮಾಡಿದರು. ಅದು ಯಾರಿಗೆ ಎಂದು ನಾವಿಬ್ಬರೂ ಕೇಳಲಿಲ್ಲ.

ಇದರ ಕೆಳಗೆ ತಾವೇ ಬರೆಯುತ್ತಾರಂತೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾರೆ. ಸಾಲು ಸೊಟ್ಟ ಹೋಗದಿರಲಿ ಎಂದು ಕೆಳಗೆ ಅಳತೆಪಟ್ಟಿ ಹಿಡಿದಿದ್ದೇನೆ. ಅಕ್ಷರ ಒಂದರ ಮೇಲೊಂದು ಕೂತಿದ್ದರೆ ನಿಧಾನವಾಗಿ ಬಿಡಿಸಿಕೊಂಡು ಓದು.

ಕತ್ತರಿ ಅತ್ತಿಗೆ

ಮಗಳೇ, ಬತ್ತಿ ಎಲ್ಲ ಹಾಗೇ ಇದೆ, ನೀನು ಬಂದಾಗ ಹಚ್ಚೋಣ. ಕೋಟಿನ ಕುತ್ತಿಗೆ ಗುಂಡಿ ಹಾಕಿಕೋ, ಗಾಳಿಗೆ ತೆರೆದು ಓಡಾಡಬೇಡ. ಅಳಿಯ ಹೋದರೆ ಹೋಗಲಿ ಬಿಡು. ನೀನು ಬಂದಾಗ ಮನೆಯಲ್ಲೇ ಇದ್ದನಲ್ಲ.